ಮರಳಿಗೆ ಆಕಾರ ಕೊಡುವುದು ನೆರಳು

ಪ್ರಶ್ನೆ: ಡಿಸೆಂಬರ್ ಕೊನೆಯ ವಾರ ಮನೆಮಂದಿಯೆಲ್ಲ ಜೈಸಲ್ಮೇರ್‌ಗೆ ಹೊರಟಿದ್ದೇವೆ. ಸಮ್ ಮರಳುದಿಬ್ಬಗಳ ಹತ್ತಿರ ಎರಡು ರಾತ್ರಿ ಟೆಂಟ್ ಬುಕ್ ಆಗಿದೆ. ನನ್ನ ಬಳಿ ಕ್ರಾಪ್ ಸೆನ್ಸರ್ ಕ್ಯಾಮೆರಾ, 18–55 ಮತ್ತು 55–250 ಲೆನ್ಸ್‌ಗಳಿವೆ. ಹೋದ ವರ್ಷ ಅಲ್ಲಿಗೆ ಹೋಗಿಬಂದ ನನ್ನ ತಂಗಿಯ ಫೋಟೊಗಳಲ್ಲಿ ಮರಳೆಲ್ಲ ಒಂದೇ ಸಮ ಹಳದಿಯಾಗಿ, ಚಪ್ಪಟೆಯಾಗಿ ಕಾಣುತ್ತದೆ. ದಿಬ್ಬದ ಒಂದು ಬದಿ ಕೆಂಪು, ಇನ್ನೊಂದು ಬದಿ ಕಪ್ಪು ಇರುತ್ತದಲ್ಲ, ಅಂಥ ಚಿತ್ರ ಬರಬೇಕಾದರೆ ಏನು ಮಾಡಬೇಕು? ವೈಡ್ ಲೆನ್ಸ್, ಫಿಲ್ಟರ್ ಕೊಳ್ಳಬೇಕೆ? ನಮ್ಮ ಯಜಮಾನರ ಹತ್ತಿರ ಫೋನ್ ಮಾತ್ರ ಇದೆ, ಅದರಲ್ಲೂ ಆಗುತ್ತದೆಯೇ?
ಓದುಗರೊಬ್ಬರು, ಬಸವೇಶ್ವರನಗರ, ಬೆಂಗಳೂರು

ಉತ್ತರ: ಮೊದಲು ಖರ್ಚಿನ ಮಾತು ಮುಗಿಸೋಣ ಮೇಡಂ. ಏನನ್ನೂ ಕೊಳ್ಳಬೇಡಿ. ಇರುವ ಎರಡು ಲೆನ್ಸ್ ಧಾರಾಳವಾಗಿ ಸಾಕು. ಅದರಲ್ಲೂ ಅಲ್ಲಿ ನಿಮಗೆ ಹೆಚ್ಚು ಕೆಲಸಕ್ಕೆ ಬರುವುದು 55–250, ಅಂದರೆ ದೂರದ್ದನ್ನು ಹತ್ತಿರ ತರುವ ಲೆನ್ಸ್. ಟ್ರೈಪಾಡ್ ಇಲ್ಲದಿದ್ದರೆ ಒಂದನ್ನು ಬಾಡಿಗೆಗೆ ತನ್ನಿ, ಬೆಂಗಳೂರಿನಲ್ಲಿ ಕ್ಯಾಮೆರಾ ಸಾಮಾನು ಬಾಡಿಗೆಗೆ ಕೊಡುವ ಅಂಗಡಿಗಳಿಗೆ ಬರವಿಲ್ಲ. ಉಳಿದದ್ದೆಲ್ಲ ಬೆಳಕಿನ ವಿಚಾರ.

ನಿಮ್ಮ ತಂಗಿಯ ಫೋಟೊಗಳು ಚಪ್ಪಟೆಯಾಗಿದ್ದು ಕ್ಯಾಮೆರಾದಿಂದಲ್ಲ. ಸೂರ್ಯ ತೀರಾ ಮೇಲೆ ಬಂದಿದ್ದಿರಬೇಕು, ಇಲ್ಲವೇ ಅವರ ಬೆನ್ನ ಹಿಂದೆ ಇದ್ದಿರಬೇಕು. ‘ಬಿಸಿಲು ಬೆನ್ನಿಗಿರಲಿ’ ಎಂದು ನಮಗೆಲ್ಲ ಮೊದಲಿಂದ ಹೇಳಿಕೊಟ್ಟಿದ್ದಾರೆ. ಮದುವೆಮನೆ ಅಂಗಳದಲ್ಲಿ ನಿಂತ ನೆಂಟರ ಗ್ರೂಪ್ ಫೋಟೊಗೆ ಆ ಮಾತು ಸರಿ, ಮರಳಿಗೆ ಪೂರಾ ತಪ್ಪು. ಕಬ್ಬನ್ ಪಾರ್ಕಿನಲ್ಲಿ ಮರ, ಬೆಂಚು, ಹಾದಿ, ಹುಲ್ಲು ಒಂದೊಂದಕ್ಕೂ ಒಂದೊಂದು ಬಣ್ಣ ಇರುತ್ತದೆ. ಬೆಳಕು ಹೇಗೇ ಬಿದ್ದರೂ ಕಣ್ಣು ಅವನ್ನು ಬೇರೆ ಬೇರೆ ಎಂದು ಗುರುತಿಸುತ್ತದೆ. ಮರಳುಗಾಡಿನಲ್ಲಿ ಮುಂದಿನ ದಿಬ್ಬವೂ ಅದೇ ಬಣ್ಣ, ಹಿಂದಿನದೂ ಅದೇ ಬಣ್ಣ. ಎಲ್ಲಿ ಏರು, ಎಲ್ಲಿ ಇಳಿಜಾರು, ಯಾವುದು ಹತ್ತಿರ, ಯಾವುದು ದೂರ ಎಂದು ಹೇಳುವುದಕ್ಕೆ ಅಲ್ಲಿರುವುದು ನೆರಳೊಂದೇ. ಬಿಸಿಲನ್ನು ಬೆನ್ನಿಗೆ ಹಾಕಿಕೊಂಡರೆ ನೆರಳುಗಳೆಲ್ಲ ದಿಬ್ಬಗಳ ಹಿಂದೆ ಅಡಗಿಕೊಳ್ಳುತ್ತವೆ, ಕ್ಯಾಮೆರಾಕ್ಕೆ ಸಿಗುವುದು ಬರೀ ಹಳದಿ.

ಆದ್ದರಿಂದ ಸೂರ್ಯ ನಿಮ್ಮ ಎಡಕ್ಕೋ ಬಲಕ್ಕೋ ಇರಲಿ, ಇಲ್ಲವೇ ಓರೆಯಾಗಿ ಎದುರಿಗಿರಲಿ. ಎಷ್ಟು ಎತ್ತರದಲ್ಲಿರಬೇಕು ಎಂಬುದಕ್ಕೆ ಒಂದು ಲೆಕ್ಕ ಹೇಳುತ್ತೇನೆ. ದಿಬ್ಬದ ಮೈಮೇಲೆ ಗಾಳಿ ಎಬ್ಬಿಸಿದ ಸಣ್ಣ ಅಲೆಗಳಿರುತ್ತವಲ್ಲ, ಅವುಗಳ ಎತ್ತರ ಹೆಚ್ಚೆಂದರೆ ಒಂದು ಸೆಂಟಿಮೀಟರ್ ಆಸುಪಾಸು, ಒಂದರಿಂದ ಇನ್ನೊಂದಕ್ಕೆ ಹತ್ತು ಸೆಂಟಿಮೀಟರ್ ಎಂದಿಟ್ಟುಕೊಳ್ಳಿ. ಸೂರ್ಯ ದಿಗಂತದಿಂದ 5 ಡಿಗ್ರಿ ಮೇಲಿದ್ದಾಗ ಯಾವುದೇ ವಸ್ತುವಿನ ನೆರಳು ಅದರ ಎತ್ತರದ 11 ಪಟ್ಟು ಉದ್ದ ಬೀಳುತ್ತದೆ. ಅಂದರೆ ಒಂದು ಅಲೆಯ ನೆರಳು ಮುಂದಿನ ಅಲೆಯನ್ನು ಮುಟ್ಟುತ್ತದೆ. ಒಂದು ಗೆರೆ ಬಿಸಿಲು, ಒಂದು ಗೆರೆ ಕತ್ತಲು. ಸೂರ್ಯ 10 ಡಿಗ್ರಿಗೆ ಏರಿದರೆ ನೆರಳು ಅರ್ಧಕ್ಕೆ ಇಳಿಯುತ್ತದೆ. ನನಗೆ ಈ ಹೊತ್ತೇ ಹೆಚ್ಚು ಇಷ್ಟ. ಅಲೆಯ ಬಿಸಿಲು ಬಿದ್ದ ಮಗ್ಗುಲಲ್ಲಿ ಮರಳಿನ ಕಾಳು ಕಾಳೂ ಬಿಡಿಬಿಡಿಯಾಗಿ ಕಾಣುತ್ತದೆ, ಜೀರುಂಡೆ ನಡೆದುಹೋದ ಹೆಜ್ಜೆಯ ಸಾಲೂ ಬಿಟ್ಟುಹೋಗುವುದಿಲ್ಲ. ಸೂರ್ಯ 30 ಡಿಗ್ರಿ ದಾಟಿದ ಮೇಲೆ ಈ ಅಲೆಗಳು ಇದ್ದೂ ಇಲ್ಲದಂತೆ.

ಇದನ್ನು ಗಡಿಯಾರಕ್ಕೆ ಇಳಿಸೋಣ. ಡಿಸೆಂಬರ್ ಕೊನೆಯಲ್ಲಿ ಬೆಂಗಳೂರಿನಲ್ಲಿ ಸೂರ್ಯ ಹುಟ್ಟುವುದು 6.40ರ ಸುಮಾರಿಗೆ. ಜೈಸಲ್ಮೇರ್ ನಮಗಿಂತ ಸುಮಾರು 7 ಡಿಗ್ರಿ ಪಶ್ಚಿಮಕ್ಕೂ 14 ಡಿಗ್ರಿ ಉತ್ತರಕ್ಕೂ ಇದೆ, ಅಲ್ಲಿ ಏಳೂವರೆ ಆಗುತ್ತದೆ. ಸೂರ್ಯ ಮುಳುಗುವುದು ಮಾತ್ರ ಎರಡೂ ಕಡೆ ಆರರ ಆಸುಪಾಸಿನಲ್ಲೇ. ಅಲ್ಲಿ ಬೆಳಿಗ್ಗೆ ಎಂಟಕ್ಕೆ ಸೂರ್ಯ 5 ಡಿಗ್ರಿಯಲ್ಲಿರುತ್ತಾನೆ, 8.25ರ ಹೊತ್ತಿಗೆ 10 ಡಿಗ್ರಿ. ಸಂಜೆ ಇದೇ ಲೆಕ್ಕ ತಿರುಗುಮುರುಗು: ಐದು ಗಂಟೆಯಿಂದ ಆರರವರೆಗೆ. ಟೆಂಟಿನವರು ತಿಂಡಿ ಕೊಡುವುದೂ ಬೆಳಿಗ್ಗೆ ಇದೇ ಹೊತ್ತಿಗೆ. ಒಂಬತ್ತರ ಮೇಲೆ ತಿನ್ನುತ್ತೇವೆ ಎಂದು ಹಿಂದಿನ ರಾತ್ರಿಯೇ ಹೇಳಿಬಿಡಿ.

ನೀವು ಡಿಸೆಂಬರ್ ಆರಿಸಿಕೊಂಡಿದ್ದು ಒಳ್ಳೆಯದಾಯಿತು. ಆ ತಿಂಗಳ ಕೊನೆಯಲ್ಲಿ ಅಲ್ಲಿ ಸೂರ್ಯ ನಡುಹಗಲಲ್ಲೂ 40 ಡಿಗ್ರಿಗಿಂತ ಮೇಲೇರುವುದಿಲ್ಲ. ಬೆಂಗಳೂರಿನಲ್ಲಿ ಅದೇ ದಿನ 54 ಡಿಗ್ರಿಯವರೆಗೆ ಏರುತ್ತಾನೆ. ಜೂನ್‌ನಲ್ಲಿ ಹೋಗಿದ್ದರೆ ಜೈಸಲ್ಮೇರ್‌ನಲ್ಲೂ ಹೆಚ್ಚುಕಡಿಮೆ ನೆತ್ತಿಯ ಮೇಲೆಯೇ ಇರುತ್ತಿದ್ದ.

ಈಗ ಒಂದು ಬದಿ ಬೆಳಕು, ಒಂದು ಬದಿ ಕತ್ತಲು ಎಂಬ ಚಿತ್ರಕ್ಕೆ ಬರೋಣ. ಅದಕ್ಕೆ ದಿಬ್ಬ ಹೇಗೆ ನಿಂತಿದೆ ಎಂದು ತಿಳಿದಿರಬೇಕು. ಥಾರ್ ಮರುಭೂಮಿಯಲ್ಲಿ ಮರಳನ್ನು ಎತ್ತಿ ಸಾಗಿಸುವಷ್ಟು ಜೋರು ಗಾಳಿ ಬೀಸುವುದು ಬೇಸಿಗೆಯಲ್ಲಿ, ಮುಂಗಾರಿನ ಜೊತೆಗೆ, ನೈಋತ್ಯ ದಿಕ್ಕಿನಿಂದ. ಹೀಗಾಗಿ ಸಾಮಾನ್ಯವಾಗಿ ದಿಬ್ಬದ ನೈಋತ್ಯದ ಬೆನ್ನು ಇಳುಕಲಾಗಿರುತ್ತದೆ, ಕಾಲು ಹೂಳದೆ ಹತ್ತಬಹುದು. ಈಶಾನ್ಯದ ಮುಖ ಕಡಿದು. ಒಣ ಮರಳು ಜಾರದೆ ನಿಲ್ಲಬಲ್ಲ ಗರಿಷ್ಠ ಓರೆ 32ರಿಂದ 34 ಡಿಗ್ರಿ, ಆ ಮುಖ ಅದೇ ಓರೆಯಲ್ಲಿರುತ್ತದೆ. ಎರಡೂ ಸೇರುವ ನೆತ್ತಿಯ ಏಣು ವಾಯವ್ಯದಿಂದ ಆಗ್ನೇಯಕ್ಕೆ ಹಾವಿನಂತೆ ಹರಿಯುತ್ತದೆ. ಡಿಸೆಂಬರ್ ಸಂಜೆ ಸೂರ್ಯ ಮುಳುಗುವುದು ನೇರ ಪಶ್ಚಿಮದಲ್ಲಲ್ಲ, ಅದಕ್ಕಿಂತ 26 ಡಿಗ್ರಿ ದಕ್ಷಿಣಕ್ಕೆ. ಅಂದರೆ ಸಂಜೆ ಬಿಸಿಲು ಇಳುಕಲು ಬೆನ್ನನ್ನು ಪೂರ್ತಿ ಬೆಳಗುತ್ತದೆ, ಕಡಿದಾದ ಮುಖ ಪೂರ್ತಿ ಕತ್ತಲಾಗುತ್ತದೆ. ನೀವು ಏಣಿನ ಆಗ್ನೇಯದ ತುದಿಯಲ್ಲಿ ನಿಂತು ವಾಯವ್ಯಕ್ಕೆ ಮುಖ ಮಾಡಿದರೆ ಎಡಗಡೆ ಬೆಳಕು, ಬಲಗಡೆ ಕತ್ತಲು, ನಡುವೆ ಕೊರೆದಿಟ್ಟ ಗೆರೆ. ನೀವು ಕೇಳಿದ ಚಿತ್ರ ಇದೇ. ಬೆಳಿಗ್ಗೆ ಸೂರ್ಯ ಆಗ್ನೇಯದ ಕಡೆಯಿಂದ ಬರುವುದರಿಂದ ಬೆಳಕು ಏಣಿನ ಉದ್ದಕ್ಕೆ ಸವರಿಕೊಂಡು ಹೋಗುತ್ತದೆ. ಆಗ ದೊಡ್ಡ ಕಪ್ಪು-ಬಿಳುಪು ಸಿಗದು, ಮೈಮೇಲಿನ ಸಣ್ಣ ಅಲೆ, ಹುಲ್ಲಿನ ಬುಡ, ಹೆಜ್ಜೆಗಳತ್ತ ಬಗ್ಗಿ ನೋಡಿ.

ಪ್ರತಿ ದಿಬ್ಬವೂ ಹೀಗೇ ಇರುತ್ತದೆ ಎಂದಲ್ಲ. ತಲುಪಿದ ದಿನ ಮಧ್ಯಾಹ್ನವೇ, ಕ್ಯಾಮೆರಾ ಇಲ್ಲದೆ, ದಿಕ್ಸೂಚಿ ಇರುವ ಫೋನ್ ಹಿಡಿದು ಒಂದು ಸುತ್ತು ಹಾಕಿ. ಯಾವ ಏಣು ಎತ್ತ ಹರಿದಿದೆ, ಸಂಜೆ ಎಲ್ಲಿ ನಿಲ್ಲಬೇಕು ಎಂದು ನೋಡಿಟ್ಟುಕೊಳ್ಳಿ. ಸೂರ್ಯ ಇಳಿಯತೊಡಗಿದ ಮೇಲೆ ಜಾಗ ಹುಡುಕಿಕೊಂಡು ಮರಳಲ್ಲಿ ಓಡಿದರೆ ಉಸಿರೂ ಹೋಗುತ್ತದೆ, ಬೆಳಕೂ ಹೋಗುತ್ತದೆ.

ಹೆಜ್ಜೆಗಳ ವಿಷಯ ಹೇಳಲೇಬೇಕು. ಸಮ್ ಜೈಸಲ್ಮೇರ್ ಊರಿನಿಂದ ಸುಮಾರು 40 ಕಿ.ಮೀ., ರಜೆ ದಿನಗಳಲ್ಲಿ ಸಂಜೆ ಒಂಟೆ, ಜೀಪು, ಜನ ಎಲ್ಲ ಅಲ್ಲಿಯೇ. ಚಳಿಗಾಲದಲ್ಲಿ ಗಾಳಿ ಮಂದ, ತುಳಿದ ಗುರುತು ಬೇಗ ಅಳಿಸುವುದಿಲ್ಲ. ಟೆಂಟುಗಳ ಗುಂಪಿನಿಂದ ದೂರ, ಪ್ರವಾಸಿಗರು ಕಡಿಮೆ ಹೋಗುವ ದಿಬ್ಬಕ್ಕೆ ಬಿಡಲು ಜೀಪಿನವರನ್ನು ಕೇಳಿ. ಒಂದು ಸಂಜೆಯಾದರೂ ಖುರಿ ಎಂಬ ಹಳ್ಳಿಯ ದಿಬ್ಬಗಳ ಕಡೆಗೆ ಹೋಗಲು ಆದರೆ ಇನ್ನೂ ಒಳ್ಳೆಯದು, ಅಲ್ಲಿ ಗದ್ದಲ ಕಡಿಮೆ. ಇನ್ನೊಂದು, ನಿಮ್ಮ ಹೆಜ್ಜೆಯೂ ಹೆಜ್ಜೆಯೇ. ಮೊದಲು ದೂರದಿಂದ ಇಡೀ ದಿಬ್ಬ ತೆಗೆಯಿರಿ, ಆಮೇಲೆ ಹತ್ತಿರ ಹೋಗಿ. ಮಕ್ಕಳು ಜೊತೆಗಿದ್ದರೆ ಅವರನ್ನು ಬೇರೆ ದಿಬ್ಬಕ್ಕೆ ಆಟಕ್ಕೆ ಕಳಿಸಿ.

ಕೆಂಪಿನ ಆಸೆ ಸ್ವಲ್ಪ ಬಿಡಿ. ನೀವು ನೋಡಿದ ಕಡುಗೆಂಪು ದಿಬ್ಬಗಳ ಚಿತ್ರ ಬಹುಶಃ ಆಫ್ರಿಕಾದ ನಮೀಬಿಯಾದ್ದು. ಅಲ್ಲಿ ಮರಳಿನ ಕಾಳಿಗೆ ಕಬ್ಬಿಣದ ಆಕ್ಸೈಡ್ ಲೇಪವಿದೆ. ಸಮ್‌ನ ಮರಳು ತಿಳಿ ಗೋಧಿಬಣ್ಣದ್ದು. ಇಳಿಬಿಸಿಲಲ್ಲಿ ಅದು ಜೇನಿನ ಬಣ್ಣಕ್ಕೆ ತಿರುಗುತ್ತದೆ, ಅದಕ್ಕಿಂತ ಮುಂದೆ ಹೋಗುವುದಿಲ್ಲ. ಕಂಪ್ಯೂಟರಿನಲ್ಲಿ ಕೆಂಪು ತುಂಬಿದರೆ ಅದು ಥಾರ್ ಆಗಿ ಉಳಿಯುವುದಿಲ್ಲ, ನಮೀಬಿಯಾವೂ ಆಗುವುದಿಲ್ಲ. ಇರುವ ಬಣ್ಣವನ್ನು ಉಳಿಸಿಕೊಳ್ಳುವುದೇ ದೊಡ್ಡ ಕೆಲಸ, ಅಲ್ಲಿಯೇ ಬಹಳ ಜನ ಎಡವುತ್ತಾರೆ. ವೈಟ್ ಬ್ಯಾಲೆನ್ಸನ್ನು (ಬೆಳಕಿನ ಬಣ್ಣಕ್ಕೆ ತಕ್ಕಂತೆ ಕ್ಯಾಮೆರಾ ಮಾಡುವ ಹೊಂದಾಣಿಕೆ) ಆಟೊದಲ್ಲಿ ಬಿಟ್ಟರೆ ಕ್ಯಾಮೆರಾ ಆ ಹೊಂಬಣ್ಣವನ್ನು ದೋಷ ಎಂದುಕೊಂಡು ತಿದ್ದಿಬಿಡುತ್ತದೆ. ಡೇಲೈಟ್‌ಗೆ ಇಡಿ, 5200 ಕೆಲ್ವಿನ್ ಆಸುಪಾಸು. ಕೆಲ್ವಿನ್ ಎಂದರೆ ಬೆಳಕಿನ ಬಣ್ಣದ ಅಳತೆ, ಅಂಕಿ ಇಳಿದಷ್ಟೂ ಬೆಳಕು ಕೆಂಪಗೆ. ದಿಗಂತಕ್ಕಿಳಿದ ಸೂರ್ಯನ ಬೆಳಕು ದೂರದ ಗಾಳಿ, ದೂಳನ್ನು ದಾಟಿ ಬರುವಷ್ಟರಲ್ಲಿ ಅದರ ನೀಲಿಯೆಲ್ಲ ಚದುರಿಹೋಗಿರುತ್ತದೆ, ಉಳಿಯುವುದು 3000 ಕೆಲ್ವಿನ್‌ಗಿಂತಲೂ ಕೆಳಗಿನ ಬೆಚ್ಚನೆಯ ಬೆಳಕು. ಅದೇ ಹೊತ್ತಿಗೆ ನೆರಳಿನ ಬದಿಗೆ ಬೆಳಕು ಸಿಗುವುದು ನೀಲಿ ಆಕಾಶದಿಂದ ಮಾತ್ರ, ಆದ್ದರಿಂದ ನೆರಳು ನಿಜವಾಗಿಯೂ ನೀಲಿ ಇರುತ್ತದೆ. ಅದನ್ನು ತಿದ್ದಬೇಡಿ. ನೀಲಿಯ ಪಕ್ಕದಲ್ಲಿದ್ದಾಗಲೇ ಜೇನುಬಣ್ಣ ಹೊಳೆಯುವುದು.

ಎಕ್ಸ್‌ಪೋಶರ್, ಅಂದರೆ ಚಿತ್ರಕ್ಕೆ ಎಷ್ಟು ಬೆಳಕು ಬಿಡಬೇಕು ಎಂಬುದರ ಬಗ್ಗೆ ಎರಡು ಮಾತು. ಕ್ಯಾಮೆರಾದ ಮೀಟರ್ ಎಲ್ಲವನ್ನೂ ನಡುಬೂದು ಎಂದು ಲೆಕ್ಕ ಹಾಕುತ್ತದೆ. ಬಿಸಿಲಿನ ಮರಳು ಅದಕ್ಕಿಂತ ಬೆಳ್ಳಗಿರುವುದರಿಂದ ಚೌಕಟ್ಟಿನ ತುಂಬ ಬೆಳಗಿದ ಮರಳೇ ಇದ್ದರೆ ಚಿತ್ರ ಮಂಕಾಗಿ ಬರುತ್ತದೆ, ಆಗ ಎಕ್ಸ್‌ಪೋಶರ್ ಕಾಂಪೆನ್ಸೇಶನ್‌ನಲ್ಲಿ (ಬೆಳಕನ್ನು ಹೆಚ್ಚುಕಡಿಮೆ ಮಾಡುವ +/− ಗುಂಡಿ) +0.7 ಕೊಡಿ. ಅರ್ಧ ನೆರಳಿರುವ ಚಿತ್ರಕ್ಕೆ ಇದರ ವಿರುದ್ಧ. ಕತ್ತಲಿನ ಭಾಗ ನೋಡಿ ಮೀಟರ್ ಗಾಬರಿಯಾಗಿ ಬೆಳಕು ಹೆಚ್ಚಿಸುತ್ತದೆ, ಬಿಸಿಲಿನ ಬದಿ ಸುಟ್ಟುಹೋಗುತ್ತದೆ. ಅಲ್ಲಿ −0.7 ಅಥವಾ −1. ಸುಟ್ಟಿದೆಯೋ ಇಲ್ಲವೋ ಎಂದು ನೋಡುವಾಗ ಒಟ್ಟು ಹಿಸ್ಟೋಗ್ರಾಂ (ಚಿತ್ರದಲ್ಲಿ ಕಪ್ಪಿನಿಂದ ಬಿಳುಪಿನವರೆಗೆ ಎಷ್ಟೆಷ್ಟಿದೆ ಎಂದು ಎಡದಿಂದ ಬಲಕ್ಕೆ ತೋರಿಸುವ ನಕ್ಷೆ) ನಂಬಬೇಡಿ, ಮೂರು ಬಣ್ಣದ ಹಿಸ್ಟೋಗ್ರಾಂ ತೆರೆದು ಕೆಂಪನ್ನು ನೋಡಿ. ಹೊಂಬಿಸಿಲಿನ ಮರಳಿನಲ್ಲಿ ಕೆಂಪು ಚಾನೆಲ್ ಎಲ್ಲಕ್ಕಿಂತ ಮೊದಲು ಬಲಗೋಡೆಗೆ ಹೊಡೆಯುತ್ತದೆ. ಒಟ್ಟು ಹಿಸ್ಟೋಗ್ರಾಂ ಎಲ್ಲ ಸರಿಯಿದೆ ಎಂದು ತೋರಿಸುತ್ತಿರುವಾಗಲೇ ಕೆಂಪಿನಲ್ಲಿ ವಿವರ ಅಳಿಸಿಹೋಗಿ, ಆ ಜಾಗದಲ್ಲಿ ಮರಳಿನ ಕಾಳಿನ ಬದಲು ಹಳದಿ ಬಣ್ಣ ಬಳಿದಂತೆ ಕಾಣುತ್ತದೆ. ನಿಮ್ಮ ತಂಗಿಯ ಫೋಟೊಗಳಲ್ಲಿ ಇದೂ ಆಗಿರಬಹುದು. ಕ್ಯಾಮೆರಾ ತಿದ್ದದೆ ಉಳಿಸುವ ರಾ ಫೈಲ್‌ನಲ್ಲೇ ತೆಗೆಯಿರಿ, ಅಪರ್ಚರ್ ಎಫ್ 8ರಿಂದ 11ರ ಒಳಗೆ ಇರಲಿ, ಐಎಸ್‌ಒ 100. ನೆರಳಿನ ಕಪ್ಪನ್ನು ಆಮೇಲೆ ಕಂಪ್ಯೂಟರಿನಲ್ಲಿ ಎತ್ತಲು ಹೋಗಬೇಡಿ, ಅಷ್ಟು ಕಷ್ಟಪಟ್ಟು ತಂದ ನೆರಳು ಅದು.

55–250 ಏಕೆ ಹೆಚ್ಚು ಕೆಲಸಕ್ಕೆ ಬರುತ್ತದೆ ಎಂದೆನಲ್ಲ. ವೈಡ್ ಲೆನ್ಸ್‌ನಲ್ಲಿ ಕಾಲಬುಡದ ಮರಳು ದೊಡ್ಡದಾಗಿ, ದೂರದ ದಿಬ್ಬಗಳು ಚಿಕ್ಕ ಉಬ್ಬುಗಳಾಗಿಬಿಡುತ್ತವೆ. ಸಮ್‌ನ ದಿಬ್ಬಗಳು ಅಂಥ ಪರ್ವತದೆತ್ತರದವಲ್ಲ. 150–250ರಲ್ಲಿ ನೋಡಿದರೆ ಒಂದರ ಹಿಂದೆ ಒಂದು ಏಣು ಹತ್ತಿರ ಬಂದು ಒತ್ತಾಗಿ ನಿಲ್ಲುತ್ತವೆ, ಬೆಳಕು-ನೆರಳು ಪದರ ಪದರವಾಗಿ ಸಿಗುತ್ತದೆ. ಟೆಂಟು, ಕಂಬ, ಗಾಳಿಯಂತ್ರಗಳನ್ನು ಚೌಕಟ್ಟಿನಿಂದ ಹೊರಗಿಡುವುದೂ ಸುಲಭ. ಅಗಲವಾಗಿ ಕಾಣುವ 18ರಲ್ಲಿ ತೆಗೆಯುವುದಾದರೆ ಕ್ಯಾಮೆರಾವನ್ನು ಮೊಣಕಾಲಿನ ಮಟ್ಟಕ್ಕೆ ಇಳಿಸಿ, ಮುಂದೆ ಒಳ್ಳೆಯ ಅಲೆಗಳಿರಲಿ. ಒಂಟೆ ಬಂದರೆ ಇನ್ನೂ ಕೆಳಗೆ ಕೂರಿ. ಒಂಟೆಯ ಕಾಲುಗಳ ನಡುವೆ ಆಕಾಶ ಕಾಣಬೇಕು. ನಿಂತು ತೆಗೆದರೆ ಕಾಲುಗಳು ಮರಳಿನ ಕಪ್ಪಿನಲ್ಲಿ ಕರಗಿ, ಗೂನು ಮಾತ್ರ ತೇಲಿದ ಹಾಗೆ ಕಾಣುತ್ತದೆ. ಒಂಟೆಯವರನ್ನು ಕೇಳಿಯೇ ತೆಗೆಯಿರಿ. ಆಪ್ಟಿಕಲ್ ವ್ಯೂಫೈಂಡರ್ ಇದ್ದರೆ 250ರಲ್ಲಿ ಸೂರ್ಯನನ್ನು ನೇರ ಕಣ್ಣಿಟ್ಟು ನೋಡಬೇಡಿ, ಕಣ್ಣಿಗೆ ಅಪಾಯ. ಹಿಂದಿನ ಪರದೆಯಲ್ಲಿ ನೋಡಿ.

ಸೂರ್ಯ ಮುಳುಗಿದ ಕೂಡಲೇ ಎಲ್ಲರೂ ಚಪ್ಪಾಳೆ ತಟ್ಟಿ ಟೀ ಕುಡಿಯಲು ಹೊರಡುತ್ತಾರೆ. ದಯವಿಟ್ಟು ನೀವು ಹೊರಡಬೇಡಿ. ಚಳಿಗಾಲದಲ್ಲಿ ಪಶ್ಚಿಮದಿಂದ ಬರುವ ವಾಯುಭಾರ ಕುಸಿತಗಳು ರಾಜಸ್ಥಾನದ ಮೇಲೆ ಎತ್ತರದ ತೆಳು ಮೋಡಗಳನ್ನು ಎಳೆದು ತರುತ್ತವೆ. ನೆಲದಲ್ಲಿ ಸೂರ್ಯ ಮುಳುಗಿದ್ದರೂ ಎಂಟು ಕಿ.ಮೀ. ಎತ್ತರದ ಮೋಡಕ್ಕೆ ಇನ್ನೂ ಸುಮಾರು ಕಾಲು ಗಂಟೆ ಸೂರ್ಯ ಕಾಣುತ್ತಿರುತ್ತಾನೆ, ಅದೂ ಕೆಳಗಿನಿಂದ. ಆಕಾಶ ಹೊತ್ತಿಕೊಳ್ಳುವುದು ಆಗ. ಮೋಡವೇ ಇಲ್ಲದಿದ್ದರೆ ಹಿಂದಕ್ಕೆ ತಿರುಗಿ ಪೂರ್ವದತ್ತ ನೋಡಿ. ದಿಗಂತದ ಮೇಲೆ ನೀಲಿ-ಬೂದು ಪಟ್ಟಿಯೊಂದು ಮೆಲ್ಲಗೆ ಏರುತ್ತದೆ, ಅದರ ಮೇಲೆ ಗುಲಾಬಿ ಪಟ್ಟಿ. ಕೆಳಗಿನದು ಭೂಮಿಯದೇ ನೆರಳು. ಕಟ್ಟಡಗಳ ನಡುವೆ ನಮಗೆ ಇದು ಸರಿಯಾಗಿ ಕಾಣಸಿಗುವುದೇ ಅಪರೂಪ, ಅಲ್ಲಿ ದಿಗಂತ ಚಪ್ಪಟೆ, ತಡೆಯಿಲ್ಲ. ಈ ಹೊತ್ತಿನ ಬೆಳಕಿಗೆ ದಿಕ್ಕಿಲ್ಲ, ನೆರಳು ಮೃದು, ಮರಳು ತಣ್ಣನೆಯ ಗುಲಾಬಿಗೆ ತಿರುಗುತ್ತದೆ. ಟ್ರೈಪಾಡ್ ಬೇಕಾಗುವುದು ಈಗಲೇ. ಅದರ ಕೆಳತುದಿಯ ಕೊಳವೆಗಳನ್ನು ಮೊದಲು ಎಳೆಯಿರಿ, ಆಗ ತಿರುಪಿನ ಜಾಯಿಂಟ್‌ಗಳು ಮರಳಿನಿಂದ ಮೇಲಿರುತ್ತವೆ.

ರಾತ್ರಿಗೆ ಮನೆಯ ಕ್ಯಾಲೆಂಡರಿನಲ್ಲಿ ತಿಥಿ ನೋಡಿಕೊಂಡು ಹೋಗಿ. ನಿಮ್ಮ ಎರಡು ದಿನಗಳಲ್ಲಿ ಹುಣ್ಣಿಮೆಯ ಹಿಂದಿನ ದಿನ ಸಿಕ್ಕಿದರೆ ಪುಣ್ಯ. ಅಂದು ಸೂರ್ಯ ಮುಳುಗುವ ಮುಂಚೆಯೇ ಚಂದ್ರ ಮೂಡಿರುತ್ತಾನೆ, ಬಿಸಿಲಿರುವ ದಿಬ್ಬದ ಮೇಲೆ ಚಂದ್ರನನ್ನು ಒಂದೇ ಎಕ್ಸ್‌ಪೋಶರ್‌ನಲ್ಲಿ ತೆಗೆಯಬಹುದು. ಅಮಾವಾಸ್ಯೆ ಹತ್ತಿರವಿದ್ದರೆ ನಕ್ಷತ್ರ: 18ರಲ್ಲಿ, ಎಫ್ 3.5, ಐಎಸ್‌ಒ 3200, 15 ಸೆಕೆಂಡ್. ಆದರೆ ಆಕಾಶಗಂಗೆಯ ದಟ್ಟವಾದ ನಡುಭಾಗಕ್ಕೆ ಕಾಯಬೇಡಿ. ಅದಿರುವುದು ಧನು ರಾಶಿಯ ದಿಕ್ಕಿನಲ್ಲಿ, ಧನುರ್ಮಾಸದಲ್ಲಿ ಸೂರ್ಯನೂ ಅಲ್ಲಿಯೇ ಇರುವುದರಿಂದ ಅದು ಹಗಲಲ್ಲಿ ಬಂದು ಹೋಗುತ್ತದೆ. ಮಹಾವ್ಯಾಧ (ಓರಿಯನ್), ಕೃತ್ತಿಕೆ ಚೆನ್ನಾಗಿ ಸಿಗುತ್ತವೆ.

ನಡುಹಗಲು ಊರಿಗೆ ಹೋಗಿ. 1156ರಲ್ಲಿ ರಾವಲ್ ಜೈಸಲ್ ಕಟ್ಟಿಸಿದ ಕೋಟೆಯೊಳಗೆ ಇಂದಿಗೂ ಜನ ವಾಸವಿದ್ದಾರೆ. ಓಣಿಗಳು ಕಿರಿದು, ಗೋಡೆಗಳೆಲ್ಲ ಹಳದಿ ಮರಳುಗಲ್ಲು. ಎದುರುಗೋಡೆಗೆ ಬಿದ್ದ ಬಿಸಿಲು ಚಿಮ್ಮಿ ನೆರಳಿನ ಗೋಡೆಗೆ ಬೆಚ್ಚನೆಯ ಬೆಳಕು ಕೊಡುತ್ತದೆ, ಮನೆಯವರ ಮುಖದ ಚಿತ್ರಕ್ಕೆ ಅದಕ್ಕಿಂತ ಒಳ್ಳೆಯ ಬೆಳಕು ಇಡೀ ಪ್ರವಾಸದಲ್ಲಿ ಸಿಗಲಿಕ್ಕಿಲ್ಲ.

ಮರಳಿನಲ್ಲಿ ಲೆನ್ಸ್ ಬದಲಿಸಬೇಡಿ. ಟೆಂಟಿನಲ್ಲೇ ಹಾಕಿಕೊಂಡು ಹೊರಡಿ. ಲೆನ್ಸ್ ಮೇಲೆ ಮರಳು ಕೂತರೆ ಬಟ್ಟೆಯಿಂದ ಒರೆಸದೆ ಬ್ಲೋವರ್‌ನಿಂದ ಊದಿ, ಒರೆಸಿದರೆ ಗಾಜಿಗೆ ಗೀರು. ಬೆಳಗಿನ ಚಳಿಗೆ ಬ್ಯಾಟರಿ ಬೇಗ ಇಳಿಯುತ್ತದೆ, ಹೆಚ್ಚುವರಿ ಬ್ಯಾಟರಿಯನ್ನು ಸ್ವೆಟರಿನ ಒಳಜೇಬಿನಲ್ಲಿಡಿ. ಡ್ರೋನ್ ಇದ್ದರೆ ಮನೆಯಲ್ಲೇ ಬಿಡಿ, ಅದು ಗಡಿ ಜಿಲ್ಲೆ.

ಹೊರಡುವುದಕ್ಕೆ ಮುಂಚೆ ಅಭ್ಯಾಸ ಮಾಡಿಕೊಳ್ಳಲೇಬೇಕು, ಅದಕ್ಕೆ ದೂರ ಹೋಗಬೇಕಿಲ್ಲ. ನಿಮ್ಮ ಬಡಾವಣೆಯಲ್ಲಿ ಯಾರದಾದರೂ ಮನೆ ಕಟ್ಟುತ್ತಿರುತ್ತಾರೆ, ಎದುರಿಗೆ ಎಂ-ಸ್ಯಾಂಡ್ ರಾಶಿ ಬಿದ್ದಿರುತ್ತದೆ. ಅದೂ ತನ್ನ ಓರೆಗೆ ತಾನೇ ಜಾರಿ ನಿಂತ ಮರಳೇ. ಸಂಜೆ ಐದರ ಮೇಲೆ ರಸ್ತೆಗೆ ಅಡ್ಡಬಿಸಿಲು ಬರುವ ಕಡೆ ಒಂದು ರಾಶಿ ಹುಡುಕಿ, ಮೇಸ್ತ್ರಿಗೆ ಒಂದು ಮಾತು ಹೇಳಿ, ಅದರ ಸುತ್ತ ನಡೆಯಿರಿ. ಬಿಸಿಲು ಬೆನ್ನಿಗಿದ್ದಾಗ ಒಂದು, ಪಕ್ಕಕ್ಕಿದ್ದಾಗ ಒಂದು, ಎದುರಿಗಿದ್ದಾಗ ಒಂದು ತೆಗೆದು ಮೂರನ್ನೂ ಅಕ್ಕಪಕ್ಕ ಇಟ್ಟು ನೋಡಿ. ಒಂದು ಭಾನುವಾರ ಬಿಡುವಾದರೆ ತಲಕಾಡಿಗೆ ಹೋಗಿಬನ್ನಿ. ಸುಮಾರು 130 ಕಿ.ಮೀ. ದೂರ, ಕಾವೇರಿ ದಂಡೆಯ ಮರಳು, ಅಪ್ಪಟ ಮರುಭೂಮಿಯಂತೆ ಬೋಳಲ್ಲದಿದ್ದರೂ ಮೀಟರ್, ಹಿಸ್ಟೋಗ್ರಾಂ ಕೈಗೆ ಹತ್ತಿಸಿಕೊಳ್ಳಲು ಅಷ್ಟು ಸಾಕು.

ಇನ್ನು ಯಜಮಾನರ ಫೋನ್. ಖಂಡಿತ ಆಗುತ್ತದೆ, ಎರಡು ವಿಷಯ ನೋಡಿಕೊಳ್ಳಲಿ. ಫೋನ್ ತಾನಾಗಿಯೇ ನೆರಳನ್ನೆಲ್ಲ ಬೆಳಗಿಸಿ ಚಿತ್ರವನ್ನು ಚಪ್ಪಟೆ ಮಾಡುತ್ತದೆ. ಹೀಗೆ ಮಾಡುವ ಎಚ್‌ಡಿಆರ್ ಎಂಬ ಸೌಲಭ್ಯವನ್ನು ನಿಲ್ಲಿಸುವ ಆಯ್ಕೆ ಇದ್ದರೆ ನಿಲ್ಲಿಸಲಿ. ಇಲ್ಲದಿದ್ದರೆ ಬಿಸಿಲಿನ ಬದಿಯ ಮೇಲೆ ಬೆರಳು ಒತ್ತಿ ಹಿಡಿದು, ಪಕ್ಕದಲ್ಲಿ ಬರುವ ಸೂರ್ಯನ ಗುರುತನ್ನು ಕೆಳಕ್ಕೆ ಎಳೆದು, ನೆರಳು ನಿಜವಾಗಿ ಕಪ್ಪಾಗುವವರೆಗೆ ಇಳಿಸಲಿ. ಎರಡು ಅಥವಾ ಮೂರು ಪಟ್ಟಿನ ಟೆಲಿ ಲೆನ್ಸ್ ಇದ್ದರೆ ದಿಬ್ಬಗಳಿಗೆ ಅದನ್ನೇ ಬಳಸಲಿ, ಅತಿ ಅಗಲದ 0.5 ಲೆನ್ಸ್ ಬೇಡ. ಮತ್ತೆ ಫೋನಿನ ಲೆನ್ಸ್ ಮೇಲಿನ ಬೆರಳಚ್ಚನ್ನು ಟೆಂಟಿನಲ್ಲೇ ಒರೆಸಿಕೊಂಡು ಬರಲಿ. ಎದುರುಬಿಸಿಲಿನಲ್ಲಿ ಆ ಜಿಡ್ಡೇ ಇಡೀ ಚಿತ್ರಕ್ಕೆ ಮಂಜು ಕವಿಸುತ್ತದೆ.